ಮುತ್ತನ್ನು ಸೇರಿನಲ್ಲಿ ಅಳೆದವರು ಯಾರು?

ಹಂಪಿಯಲ್ಲಿ ಗೈಡ್ ಕೆಲಸ ಶುರು ಮಾಡಿದಾಗ ನಾನೂ ಎಲ್ಲರ ಹಾಗೆ ಹೇಳುತ್ತಿದ್ದೆ, ‘ಈ ಬೀದಿಯಲ್ಲೇ ಮುತ್ತುರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರು’ ಅಂತ. ಒಂದು ದಿನ ಧಾರವಾಡ ಕಡೆಯ ವಯಸ್ಸಾದ ಮಾಸ್ತರೊಬ್ಬರು ನಿಂತು ಕೇಳಿದರು: ‘ಹಂಗಂತ ಯಾರು ಬರದಾರಪಾ?’

‘ವಿದೇಶಿ ಪ್ರವಾಸಿಗರು ಸರ್.’

‘ಯಾವ ಪ್ರವಾಸಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅನುವಾದಗಳನ್ನು ಹುಡುಕಿ ಓದಲು ಕೂತೆ.

ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ, ಇಮ್ಮಡಿ ದೇವರಾಯನ ಕಾಲಕ್ಕೆ ಇಲ್ಲಿಗೆ ಬಂದವನು. ರತ್ನದ ವ್ಯಾಪಾರಿಗಳು ಪೇಟೆಯಲ್ಲಿ ಬಹಿರಂಗವಾಗಿ ಮಾರುತ್ತಾರೆ ಎಂದು ಬರೆದಿದ್ದಾನೆ. 1520ರ ಸುಮಾರಿಗೆ ಬಂದ ಪೋರ್ಚುಗೀಸಿನ ಡೊಮಿಂಗೊ ಪಾಯಸ್ ಕೂಡ ಪೇಟೆಯಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತು ಇದ್ದವು ಎನ್ನುತ್ತಾನೆ. ಅಲ್ಲಿ ಸೇರೂ ಇಲ್ಲ, ಬಳ್ಳವೂ ಇಲ್ಲ. ಅವರ ಕಾಲಕ್ಕೂ ನಮ್ಮ ಕಾಲಕ್ಕೂ ನಡುವೆ ಯಾರೋ ಸೇರಿಸಿದ್ದು.

ಆವತ್ತಿನಿಂದ ಪೆನ್ಸಿಲ್ ಹಿಡಿದೇ ಓದುತ್ತೇನೆ. ಬರೆದವನು ಕಣ್ಣಾರೆ ಕಂಡಿದ್ದರೆ ಸಾಲಿನ ಪಕ್ಕ ‘ಕಂ’. ಯಾರೋ ಹೇಳಿದ್ದನ್ನು ಕೇಳಿ ಬರೆದಿದ್ದರೆ ‘ಕೇ’.

ಪಾಯಸ್ ಪುಟಗಳಲ್ಲಿ ‘ಕಂ’ ಜಾಸ್ತಿ. ಕೃಷ್ಣದೇವರಾಯನ ಮುಖದ ಮೇಲೆ ಸಿಡುಬಿನ ಕಲೆ ಇತ್ತು ಎನ್ನುತ್ತಾನೆ. ಮುಖಸ್ತುತಿಗೆ ಬರೆಯುವವನು ಇದನ್ನು ಬರೆಯುವುದಿಲ್ಲ. ಕೆರೆ ಕಟ್ಟುವ ಕಡೆ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕಂಡರಂತೆ. ಊರಿನ ಜನಸಂಖ್ಯೆ ಮಾತ್ರ ಬರೆಯುವುದಿಲ್ಲ, ಓದಿದವರು ಕಟ್ಟುಕಥೆ ಅಂದುಕೊಂಡಾರು ಎನ್ನುತ್ತಾನೆ. ಈ ಸಾಲು ಓದಿದ ಮೇಲೆ ಅವನ ಮೇಲೆ ನನಗೆ ನಂಬಿಕೆ ಬಂತು. ಆದರೆ ಅದೇ ಪಾಯಸ್, ರಾಜನ ಬಳಿ ಸದಾ ಹತ್ತು ಲಕ್ಷ ಸೈನಿಕರಿದ್ದರು ಎಂದೂ ಬರೆಯುತ್ತಾನೆ. ಅಷ್ಟು ಜನರನ್ನು ನಿಂತು ಎಣಿಸಲು ಯಾರಿಂದಲೂ ಆಗದು. ಅದು ‘ಕೇ’.

ನನಗೆ ಹೆಚ್ಚು ಕಲಿಸಿದವನು ನೂನಿಜ್. 1535ರ ಸುಮಾರಿಗೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ. 1520ರ ರಾಯಚೂರು ಯುದ್ಧಕ್ಕೆ ಏಳು ಲಕ್ಷಕ್ಕೂ ಹೆಚ್ಚು ಕಾಲಾಳು ಹೋದರು ಎನ್ನುತ್ತಾನೆ. ವಿಜಯನಗರದ ಮೊದಲ ಕಥೆಯನ್ನು 1230ರಿಂದ ಶುರು ಮಾಡುತ್ತಾನೆ, ನೂರು ವರ್ಷ ತಪ್ಪು! ಇವನನ್ನು ಬಿಟ್ಟೇಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಕುದುರೆಯ ಮಾತು ಬಂತು. ಕೃಷ್ಣದೇವರಾಯನಿಗಿಂತ ಹಿಂದಿನ ರಾಜ ಸಾಳುವ ನರಸಿಂಹ ಸಾವಿರ ಪರ್ದಾವ್‌ಗೆ (ಆಗಿನ ಚಿನ್ನದ ನಾಣ್ಯ) ಮೂರರಂತೆ ಕುದುರೆ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ದುಡ್ಡು ಕೊಡುತ್ತಿದ್ದನಂತೆ. ಇದೂ ಕೇಳಿದ್ದೇ. ನೂನಿಜ್ ಬರುವ ಹೊತ್ತಿಗೆ ನರಸಿಂಹ ಸತ್ತು ನಲವತ್ತು ವರ್ಷ ದಾಟಿತ್ತು. ಆದರೆ ಇದು ಆ ಕಸುಬಿನವರ ನಡುವೆಯೇ ಉಳಿದು ಬಂದ ಮಾತು. ಅಂಥ ಸಾಲುಗಳಿಗೆ ಮೂರನೆಯ ಗುರುತು ಮಾಡಿಕೊಂಡೆ: ‘ಕಸುಬು’. ಒಬ್ಬನನ್ನೇ ಒಂದು ಪುಟದಲ್ಲಿ ನಂಬುತ್ತೇನೆ, ಮುಂದಿನ ಪುಟದಲ್ಲಿ ನಂಬುವುದಿಲ್ಲ.

ಇತಿಹಾಸಕಾರ ಫೆರಿಸ್ತಾ ಬರೆದದ್ದು ಬಿಜಾಪುರದಲ್ಲಿ, ವಿಜಯನಗರ ಸೋತ 1565ರ ತಾಳಿಕೋಟೆ ಯುದ್ಧ ಮುಗಿದು ಸುಮಾರು ನಲವತ್ತು ವರ್ಷದ ಮೇಲೆ. ಲಕ್ಷಕ್ಕೂ ಹೆಚ್ಚು ಜನ ಸತ್ತರು ಎನ್ನುತ್ತಾನೆ. ಗೆದ್ದವರ ಉಪ್ಪು ತಿಂದವನು. ಹಾಗಂತ ಅವನು ಹೇಳಿದ್ದೆಲ್ಲ ಸುಳ್ಳಲ್ಲ, ಆ ಲೆಕ್ಕ ಮಾತ್ರ ನಾನು ಹೇಳುವುದಿಲ್ಲ. ಈಗಿನ ಜನಪ್ರಿಯ ಪುಸ್ತಕಗಳಲ್ಲಿ ಇವರೆಲ್ಲರನ್ನೂ ಒಂದೇ ಚೀಲಕ್ಕೆ ತುಂಬಿ ‘ಪ್ರವಾಸಿಗರು ಹೇಳುತ್ತಾರೆ’ ಎಂದು ಬರೆದಿರುತ್ತಾರೆ. ಅಂಥ ಕಡೆ ಹೆಸರು ಸಿಗುವವರೆಗೆ ನಾನು ಮುಂದೆ ಹೋಗುವುದಿಲ್ಲ.

ಹೋದ ಚಳಿಗಾಲದಲ್ಲಿ ಒಬ್ಬ ಹುಡುಗಿ ಕೇಳಿದಳು, ‘ಅಂಕಲ್, ತಿಮ್ಮರಸನ ಕಣ್ಣು ಕೀಳಿಸಿದ್ದು ನಿಜಾನಾ?’ ತಿಮ್ಮರಸ ಕೃಷ್ಣದೇವರಾಯನ ಮಂತ್ರಿ; ರಾಯನ ಮಗ ತಿರುಮಲನ ಹೆಸರು ಶಾಸನಗಳಲ್ಲಿದೆ, ಅವನು ಇದ್ದದ್ದು ಖಂಡಿತ ಅಂದೆ. ಅವನಿಗೆ ವಿಷ ಹಾಕಿದ ಅನುಮಾನ, ಅದಕ್ಕೆ ತಿಮ್ಮರಸನ ಕಣ್ಣು ಕೀಳಿಸಿದ್ದು, ಇದನ್ನು ಹೇಳುವವನು ನೂನಿಜ್. ಅವನು ಬಂದದ್ದೇ ಹತ್ತು ವರ್ಷದ ಮೇಲೆ. ಬ್ಯಾಗಿನಿಂದ ಪುಸ್ತಕ ತೆಗೆದು ಆ ಪುಟ ತೋರಿಸಿದೆ. ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ‘ಕೇ’ ಇತ್ತು. ಅವಳು ಬಗ್ಗಿ ಓದಿ, ‘ಹಾಗಾದ್ರೆ ಇವನಿಗೆ ಹೇಳಿದ್ದು ಯಾರು?’ ಅಂದಳು.

ಅದನ್ನೇ ನಾನೂ ಹುಡುಕುತ್ತಿದ್ದೇನೆ ಅಂದೆ.