ಬವೇರಿಯನ್ ಕ್ರೀಮ್ ಮಾಡುವಾಗ ನೋಡಬೇಕಾದ ಹದ

ಬವೇರಿಯನ್ ಕ್ರೀಮ್ ಎಂದರೆ ಹಾಲು, ಮೊಟ್ಟೆಯ ಹಳದಿ, ಸಕ್ಕರೆ ಸೇರಿಸಿ ಕಾಸಿದ ಕಸ್ಟರ್ಡಿಗೆ, ಗಟ್ಟಿ ಕಟ್ಟಿಸುವ ಜೆಲಟಿನ್ ಮತ್ತು ಬೀಸಿದ ಕ್ರೀಮ್ ಬೆರೆಸಿ ಅಚ್ಚಿನಲ್ಲಿ ತಣಿಸುವ ಸಿಹಿ. ಅಚ್ಚಿನಿಂದ ತಟ್ಟೆಗೆ ಇಳಿದಾಗ ಅದು ಆಕಾರ ಬಿಡದೆ ನಿಲ್ಲಬೇಕು, ತಟ್ಟೆ ಅಲುಗಿದರೆ ಮೆಲ್ಲಗೆ ನಡುಗಬೇಕು, ಬಾಯಿಗಿಟ್ಟ ಕೂಡಲೇ ಕರಗಬೇಕು. ನಿಂತೂ ಕರಗದಿದ್ದರೆ ಜೆಲಟಿನ್ ಹೆಚ್ಚಾಗಿದೆ ಎಂದು ಅರ್ಥ; ನಿಲ್ಲದೆ ಹರಡಿದರೆ ಕಸ್ಟರ್ಡ್ ಬಿಸಿಯಿರುವಾಗಲೇ ಕ್ರೀಮ್ ಬೆರೆಸಿದ್ದೀರಿ ಎಂದು ಅರ್ಥ. ಮೂವತ್ತು ವರ್ಷಗಳಿಂದ ಮನೆಯ ಹಬ್ಬಕ್ಕೂ ಮಕ್ಕಳ ಹುಟ್ಟುಹಬ್ಬಕ್ಕೂ ಇದನ್ನು ಮಾಡುತ್ತ ಬಂದ ನನಗೆ ಅಳತೆ ತಪ್ಪಿ ಕೆಟ್ಟದ್ದು ನೆನಪಿಲ್ಲ. ಕೆಟ್ಟದ್ದೆಲ್ಲ ಹದ ತಪ್ಪಿಯೇ. ಹಾಗಾಗಿ ಅಳತೆಯನ್ನು ಬೇಗ ಹೇಳಿ ಮುಗಿಸಿ, ಹದದ ಬಗ್ಗೆ ವಿವರವಾಗಿ ಬರೆಯುತ್ತೇನೆ.

ಹೆಸರು ಬವೇರಿಯದ್ದಾದರೂ ಇದು ಫ್ರೆಂಚರ ಅಡುಗೆ. ಅವರು ಇದನ್ನು ಬವರ್ವಾ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೆಸರಾಗಿದ್ದ ಪ್ಯಾರಿಸ್ಸಿನ ಬಾಣಸಿಗ ಮಾರಿ ಆಂಟೊನಿನ್ ಕರೆಮ್ (1784–1833) ಇದರ ವಿಧಾನಗಳನ್ನು ಬರೆದಿಟ್ಟಿದ್ದಾನೆ. ಅಚ್ಚಿನ ಒಳಸುತ್ತಿಗೆ ಬೆರಳಿನಾಕಾರದ ಮೆದು ಬಿಸ್ಕತ್ತುಗಳನ್ನು ನಿಲ್ಲಿಸಿ, ನಡುವೆ ಇದೇ ಕ್ರೀಮನ್ನು ತುಂಬಿದರೆ ಅದು ಷಾರ್ಲಟ್ ರೂಸ್ ಆಗುತ್ತದೆ. ಫ್ರಿಜ್ ಇಲ್ಲದ ಆ ಕಾಲದಲ್ಲಿ ಅಚ್ಚನ್ನು ಮಂಜುಗಡ್ಡೆಯ ಚೂರುಗಳಲ್ಲಿ ಹೂತು ಗಟ್ಟಿ ಮಾಡುತ್ತಿದ್ದರು.

ಒಂದು ಲೀಟರಿನ ಅಚ್ಚಿಗೆ 300 ಮಿಲಿಲೀಟರ್ ಗಟ್ಟಿ ಹಾಲು, 4 ಮೊಟ್ಟೆಯ ಹಳದಿ, 90 ಗ್ರಾಂ ಸಕ್ಕರೆ, 10 ಗ್ರಾಂ ಜೆಲಟಿನ್ ಪುಡಿ, 300 ಮಿಲಿಲೀಟರ್ ವಿಪ್ಪಿಂಗ್ ಕ್ರೀಮ್, ಒಂದು ವೆನಿಲ್ಲಾ ಕೋಡು, ಒಂದು ಚಿಟಿಕೆ ಉಪ್ಪು ಬೇಕು. ಏಳೆಂಟು ಜನಕ್ಕೆ ಇಷ್ಟು ಸಾಕು. ಜೆಲಟಿನ್ ಮಟ್ಟಿಗೆ ಚಮಚದ ಲೆಕ್ಕವನ್ನು ನಂಬದೆ ಚಿಕ್ಕ ತಕ್ಕಡಿಯಲ್ಲಿ ತೂಗಿಕೊಳ್ಳಿ, ಏಕೆಂದರೆ ಎರಡು ಗ್ರಾಂ ಹೆಚ್ಚಾದರೂ ಬಾಯಿಗೆ ರಬ್ಬರಿನಂತೆ ಸಿಗುತ್ತದೆ. ಉಳಿದ ಬಿಳಿಯನ್ನು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಮರುದಿನದ ಆಮ್ಲೆಟ್ಟಿಗೆ ಬರುತ್ತದೆ.

ವೆನಿಲ್ಲಾ ವಿಷಯದಲ್ಲಿ ನನಗೆ ಸ್ವಲ್ಪ ಪಕ್ಷಪಾತವಿದೆ. ಸುಳ್ಯದ ಕಡೆಯ ನಮ್ಮ ತೋಟದಲ್ಲಿಯೂ, ಮಲೆನಾಡಿನ ಅನೇಕರ ತೋಟಗಳಲ್ಲಿಯೂ, 2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಸಿಗುತ್ತಿದ್ದಾಗ ವೆನಿಲ್ಲಾ ಬಳ್ಳಿ ಹಬ್ಬಿಸಿದೆವು. ಬೆಲೆ ಕುಸಿದ ಮೇಲೆ ಹೆಚ್ಚಿನವರು ಕಿತ್ತುಹಾಕಿದರು, ನಾನು ನಾಲ್ಕು ಬಳ್ಳಿಗಳನ್ನು ಅಡುಗೆಗೆಂದು ಉಳಿಸಿಕೊಂಡೆ. ಅದರ ಹೂವು ಒಂದೇ ಒಂದು ಬೆಳಗ್ಗೆ ಅರಳಿರುತ್ತದೆ, ಅಷ್ಟರೊಳಗೆ ಕಡ್ಡಿಯಿಂದ ಕೈಯಾರೆ ಪರಾಗಸ್ಪರ್ಶ ಮಾಡದಿದ್ದರೆ ಕೋಡು ಕಟ್ಟುವುದಿಲ್ಲ. ಬಲಿತ ಕೋಡನ್ನು ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಗಟ್ಟಲೆ ಬಿಸಿಲು ತೋರಿಸಿದ ಮೇಲೆಯೇ ಅದಕ್ಕೆ ಆ ಪರಿಮಳ ಬರುತ್ತದೆ. ಹಾಲು, ಮೊಟ್ಟೆ, ಕ್ರೀಮುಗಳ ಹೊರತು ಬೇರೇನೂ ಇಲ್ಲದ ಈ ಸಿಹಿಯಲ್ಲಿ ಎಸೆನ್ಸ್ ಕೂಡಲೇ ಗೊತ್ತಾಗಿಬಿಡುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಮಾಡಿದರೂ ನಿಜವಾದ ಕೋಡನ್ನೇ ಹಾಕಿ. ಅದನ್ನು ಉದ್ದಕ್ಕೆ ಸೀಳಿ, ಒಳಗಿನ ಕಪ್ಪು ಬೀಜಗಳನ್ನು ಚಾಕುವಿನ ಬೆನ್ನಿನಿಂದ ಕೆರೆದು, ಸಿಪ್ಪೆಯ ಸಮೇತ ಹಾಲಿಗೆ ಹಾಕಿ, ಹಾಲು ಕುದಿಯುವ ಮೊದಲೇ ಒಲೆ ಆರಿಸಿ ಅರ್ಧ ಗಂಟೆ ಮುಚ್ಚಿಡಿ. ಆಮೇಲೆ ಸಿಪ್ಪೆಯನ್ನು ತೊಳೆದು ಒಣಗಿಸಿ ಸಕ್ಕರೆ ಡಬ್ಬಿಯಲ್ಲಿ ಹುಗಿದಿಟ್ಟರೆ ತಿಂಗಳುಗಟ್ಟಲೆ ಸಕ್ಕರೆಗೆ ಪರಿಮಳ ಇರುತ್ತದೆ.

ಹಾಲು ಪರಿಮಳ ಹೀರುತ್ತಿರುವಾಗಲೇ ಜೆಲಟಿನ್ ಪುಡಿಯನ್ನು 60 ಮಿಲಿಲೀಟರ್ ತಣ್ಣೀರಿನ ಮೇಲೆ ಉದುರಿಸಿ ಹತ್ತು ನಿಮಿಷ ಬಿಡಿ. ಪುಡಿಯ ಮೇಲೆ ನೀರು ಸುರಿಯಬಾರದು, ಸುರಿದರೆ ನಡುವೆ ಒಣಗಂಟುಗಳು ಉಳಿದು ಎಷ್ಟು ಬಿಸಿ ಮಾಡಿದರೂ ಕರಗುವುದಿಲ್ಲ. ಅದು ನೀರು ಕುಡಿದು ಸ್ಪಂಜಿನಂತೆ ಉಬ್ಬಿದ ಮೇಲೆ ಮುಂದಿನ ಕೆಲಸಕ್ಕೆ ಸಿದ್ಧ.

ಈಗ ಮೊದಲನೆಯ ಹದ. ಹಳದಿ ಮತ್ತು ಸಕ್ಕರೆಯನ್ನು ಪಾತ್ರೆಗೆ ಹಾಕಿದ ಕೂಡಲೇ ಬೀಸಿ ಬೆರೆಸಬೇಕು, ಸಕ್ಕರೆಯನ್ನು ಹಳದಿಯ ಮೇಲೆ ಹಾಗೆಯೇ ಬಿಟ್ಟರೆ ಅದು ನೀರನ್ನು ಎಳೆದುಕೊಂಡು ಗಟ್ಟಿ ಕಾಳುಗಳಾಗುತ್ತವೆ. ಮತ್ತೆ ಬಿಸಿ ಮಾಡಿದ ಹಾಲನ್ನು ಸಣ್ಣ ಧಾರೆಯಲ್ಲಿ, ಕೈ ನಿಲ್ಲಿಸದೆ ತಿರುವುತ್ತ, ಹಳದಿಯ ಮೇಲೆ ಸುರಿಯಿರಿ. ಹಳದಿಯನ್ನು ಬಿಸಿ ಹಾಲಿಗೆ ಸುರಿಯುವ ತಪ್ಪು ಮಾಡಬೇಡಿ. ಎಲ್ಲವನ್ನೂ ದಪ್ಪ ತಳದ ಪಾತ್ರೆಗೆ ಹಾಕಿ, ಸಣ್ಣ ಉರಿಯಲ್ಲಿ, ಮರದ ಸೌಟಿನಿಂದ ತಳ ಮತ್ತು ಮೂಲೆಗಳನ್ನು ಮುಟ್ಟಿಸುತ್ತ ತಿರುವಬೇಕು. ಮೇಲಿನ ನೊರೆಗುಳ್ಳೆಗಳು ಒಂದೊಂದಾಗಿ ಮಾಯವಾಗತೊಡಗಿದರೆ ಹದ ಹತ್ತಿರ ಬಂದಿದೆ ಎಂದು ತಿಳಿಯಿರಿ. ಸೌಟನ್ನೆತ್ತಿ ಅದರ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದಾಗ, ಗೆರೆ ಕೂಡಿಕೊಳ್ಳದೆ ಹಾಗೆಯೇ ನಿಂತರೆ ಹದ ಬಂದಿದೆ. ಥರ್ಮಾಮೀಟರ್ ಇದ್ದರೆ 82 ಡಿಗ್ರಿ ಸೆಲ್ಸಿಯಸ್ ನೋಡಿ ಇಳಿಸಿ. 85 ದಾಟಿದರೆ ಮೊಟ್ಟೆ ಬೆಂದು ಕಾಳುಕಾಳಾಗಿ ಒಡೆಯುತ್ತದೆ, ಮತ್ತು ಒಲೆಯಿಂದ ಇಳಿಸಿದ ಮೇಲೂ ಬಿಸಿ ಪಾತ್ರೆಯೊಳಗೆ ಅದು ಬೇಯುತ್ತಲೇ ಇರುತ್ತದೆ. ಹಾಗಾಗಿ ಇನ್ನೊಂದು ಬೋಗುಣಿಯನ್ನೂ ಜರಡಿಯನ್ನೂ ಮೊದಲೇ ಪಕ್ಕದಲ್ಲಿಟ್ಟುಕೊಂಡಿದ್ದು, ಹದ ಬಂದ ಕ್ಷಣವೇ ಸೋಸಿ ಸುರಿಯುವುದು ಉತ್ತಮ. ಒಡೆಯುವ ಸೂಚನೆ ಆಗಷ್ಟೇ ಕಂಡಿದ್ದರೆ ಎರಡು ಚಮಚ ತಣ್ಣನೆಯ ಕ್ರೀಮ್ ಹಾಕಿ ಜೋರಾಗಿ ಬೀಸಿ ಸೋಸಿದಾಗ ಹಲವು ಬಾರಿ ಉಳಿಯುತ್ತದೆ. ಬೆಂದ ಮೊಟ್ಟೆಯ ವಾಸನೆ ಬಂದಿದ್ದರೆ ಅದನ್ನು ಬಿಟ್ಟು ಹೊಸದಾಗಿ ಮಾಡಿ. ಸೋಸಿದ ಬಿಸಿ ಕಸ್ಟರ್ಡಿಗೆ ಉಬ್ಬಿದ ಜೆಲಟಿನ್ ಹಾಕಿ ಪೂರ್ತಿ ಕರಗುವವರೆಗೆ ತಿರುವಿ. ಆ ಬಿಸಿಯೇ ಸಾಕು, ಜೆಲಟಿನ್ ಹಾಕಿದ ಮೇಲೆ ಕುದಿಸಿದರೆ ಅದರ ಹಿಡಿತ ಕಡಿಮೆಯಾಗುತ್ತದೆ.

ಕ್ರೀಮಿನ ವಿಷಯದಲ್ಲಿ ನಮ್ಮ ಕಡೆ ಬಹಳ ಜನ ಎಡವುವುದು ಕೊಳ್ಳುವಾಗಲೇ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಫ್ರೆಶ್ ಕ್ರೀಮ್ ಪೊಟ್ಟಣದಲ್ಲಿ ಸಾಮಾನ್ಯವಾಗಿ ಶೇಕಡ 25ರಷ್ಟು ಕೊಬ್ಬು ಇರುತ್ತದೆ; ಅದನ್ನು ಎಷ್ಟು ಬೀಸಿದರೂ ಗಾಳಿ ಹಿಡಿಯುವುದಿಲ್ಲ. ಕನಿಷ್ಠ 30, ಸಾಧ್ಯವಾದರೆ 35 ಶೇಕಡ ಕೊಬ್ಬಿರುವ ವಿಪ್ಪಿಂಗ್ ಕ್ರೀಮ್ ಬೇಕು. ಮನೆಯಲ್ಲಿ ಕಾಸಿದ ಹಾಲಿನ ಮೇಲೆ ಕಟ್ಟಿದ ಕೆನೆಯನ್ನು ಕೂಡಿಟ್ಟು ಬೀಸಿದರೆ ಬೆಣ್ಣೆ ಬರುತ್ತದೆಯೇ ಹೊರತು ಈ ಹಗುರತನ ಬರುವುದಿಲ್ಲ. ಕೇಕಿನ ಅಲಂಕಾರಕ್ಕೆಂದು ಮಾರುವ, ಸಸ್ಯದ ಎಣ್ಣೆಯಿಂದ ಮಾಡಿದ ಕ್ರೀಮ್ ಸುಲಭವಾಗಿ ನಿಲ್ಲುತ್ತದೆ ನಿಜ, ಆದರೆ ಅದು ಮೊದಲೇ ಸಿಹಿಯಾಗಿರುತ್ತದೆ ಮತ್ತು ನಾಲಿಗೆಗೆ ಜಿಡ್ಡು ಅಂಟಿಸುತ್ತದೆ. ಅನಿವಾರ್ಯವಾದರೆ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ ಬಳಸಿ.

ಕೊಬ್ಬು ತಣ್ಣಗಿದ್ದು ಗಟ್ಟಿಯಾಗಿದ್ದಾಗ ಮಾತ್ರ ಗಾಳಿಯ ಗುಳ್ಳೆಗಳನ್ನು ಸುತ್ತುವರಿದು ಹಿಡಿದಿಡುತ್ತದೆ. ನಮ್ಮ ಏಪ್ರಿಲ್ ತಿಂಗಳ ಅಡುಗೆಮನೆಯಲ್ಲಿ ಅದು ನೋಡುನೋಡುತ್ತಲೇ ಮೆದುವಾಗುತ್ತದೆ. ಆದ್ದರಿಂದ ಕ್ರೀಮನ್ನು ಹಿಂದಿನ ರಾತ್ರಿಯಿಂದಲೇ ಫ್ರಿಜ್ಜಿನಲ್ಲಿಡಿ, ಬೋಗುಣಿಯನ್ನೂ ಬೀಸುವ ಕಡ್ಡಿಗಳನ್ನೂ ಇಪ್ಪತ್ತು ನಿಮಿಷ ಫ್ರೀಜರಿನಲ್ಲಿಡಿ, ಬೇಸಿಗೆಯಾದರೆ ಬೋಗುಣಿಯನ್ನು ಐಸ್ ನೀರಿನ ಮೇಲಿಟ್ಟೇ ಬೀಸಿ. ಕಡ್ಡಿ ಎತ್ತಿದಾಗ ಮೂಡಿದ ಕೊಂಡಿ ತಲೆಬಾಗಿ ನಿಲ್ಲಬೇಕು, ಇದು ಎರಡನೆಯ ಹದ. ಕೊಂಡಿ ನೆಟ್ಟಗೆ ನಿಲ್ಲುವವರೆಗೆ ಬೀಸಿದರೆ ಕಸ್ಟರ್ಡಿನೊಂದಿಗೆ ಬೆರೆಯುವಾಗ ಚೂರುಚೂರಾಗುತ್ತದೆ, ಇನ್ನೂ ಮುಂದೆ ಹೋದರೆ ಬೆಣ್ಣೆಯೇ ಬರುತ್ತದೆ.

ಮೂರನೆಯ ಹದ ಎಲ್ಲಕ್ಕಿಂತ ಕಷ್ಟದ್ದು, ಮತ್ತು ಇದರ ಮೇಲೆಯೇ ಉಳಿದದ್ದೆಲ್ಲ ನಿಂತಿದೆ. ಜೆಲಟಿನ್ ಬೆರೆತ ಕಸ್ಟರ್ಡಿನ ಬೋಗುಣಿಯನ್ನು ಐಸ್ ನೀರಿನಲ್ಲಿಟ್ಟು, ಅಂಚನ್ನು ಕೆರೆಯುತ್ತ ತಿರುವುತ್ತ ಹೋಗಿ. ಮೊದಲು ನೀರುದೋಸೆ ಹಿಟ್ಟಿನಂತೆ ತೆಳ್ಳಗಿದ್ದದ್ದು ಹತ್ತು ನಿಮಿಷದ ಮೇಲೆ ಒಮ್ಮೆಲೇ ಉದ್ದಿನ ದೋಸೆ ಹಿಟ್ಟಿನಷ್ಟು ದಪ್ಪವಾಗುತ್ತದೆ. ಆಗ ಅದು ಸುಮಾರು 20 ಡಿಗ್ರಿಯಲ್ಲಿರುತ್ತದೆ, ಮುಟ್ಟಿದರೆ ತಣ್ಣಗಿರುತ್ತದೆ. ಈ ಹೊತ್ತಿನಲ್ಲಿ ಫೋನಿಗಾಗಲಿ ಬಾಗಿಲಿಗಾಗಲಿ ಏಳಬೇಡಿ, ಬೇರೆಯವರನ್ನು ಕಳುಹಿಸಿ. ಬೇಗ ಬೆರೆಸಿದರೆ ಕಸ್ಟರ್ಡಿನ ಬಿಸಿಗೆ ಕ್ರೀಮ್ ಕರಗಿ, ಅಚ್ಚಿನಲ್ಲಿ ಕೆಳಗೊಂದು ಜೆಲ್ಲಿ ಪದರ, ಮೇಲೊಂದು ನೊರೆ ಪದರವಾಗಿ ಬೇರ್ಪಡುತ್ತದೆ. ತಡವಾಗಿ ಗಂಟುಗಳು ಕಟ್ಟಿದ್ದರೆ ಗಾಬರಿ ಬೇಡ: ಬೋಗುಣಿಯನ್ನು ಉಗುರು ಬೆಚ್ಚಗಿನ ನೀರಿಗಿಂತ ತುಸು ಹೆಚ್ಚು ಬಿಸಿಯ ನೀರಿನ ಮೇಲಿಟ್ಟು ತಿರುವಿದರೆ ಜೆಲಟಿನ್ ಮತ್ತೆ ಕರಗುತ್ತದೆ, ಮತ್ತೆ ತಣಿಸಿಕೊಳ್ಳಬಹುದು.

ಹದ ಬಂದ ಕೂಡಲೇ ಕ್ರೀಮಿನ ಮೂರನೆಯ ಒಂದು ಭಾಗವನ್ನು ಹಾಕಿ ಚೆನ್ನಾಗಿ ಬೆರೆಸಿ ಕಸ್ಟರ್ಡನ್ನು ಸಡಿಲಗೊಳಿಸಿ. ಉಳಿದದ್ದನ್ನು ಎರಡು ಬಾರಿಗೆ ಹಾಕಿ, ಚಪ್ಪಟೆ ರಬ್ಬರ್ ಸೌಟಿನಿಂದ ತಳದಿಂದ ಮೇಲಕ್ಕೆತ್ತಿ ಮಡಿಸುತ್ತ, ಬೋಗುಣಿಯನ್ನು ತಿರುಗಿಸುತ್ತ ಬೆರೆಸಿ. ಬಿಳಿ ಗೆರೆಗಳು ಕಾಣದಾದಾಗ ನಿಲ್ಲಿಸಿ. ಇನ್ನೂ ನಾಲ್ಕು ಸುತ್ತು ಹಾಕುವ ಆಸೆ ಬಂದರೂ ಬೇಡ, ಪ್ರತಿ ಸುತ್ತಿಗೂ ಗಾಳಿ ಹೊರಹೋಗುತ್ತದೆ.

ಹಣ್ಣು ಸೇರಿಸುವವರಿಗೆ ಒಂದು ಮುಖ್ಯ ಎಚ್ಚರಿಕೆ. ಒಮ್ಮೆ ತೋಟದ ಅನಾನಸ್ ಹಣ್ಣನ್ನು ಹಸಿಯಾಗಿಯೇ ರುಬ್ಬಿ ಸೇರಿಸಿದೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದರೂ ಅದು ಪಾಯಸದಂತೆ ತೆಳುವಾಗಿಯೇ ಉಳಿಯಿತು, ನೆಂಟರೆಲ್ಲ ಬಂದಿದ್ದರು, ಬಹಳ ಬೇಸರವಾಯಿತು. ಅನಾನಸ್, ಪಪ್ಪಾಯಿ, ಕಿವಿ, ಅಂಜೂರ, ಹಸಿಶುಂಠಿ ಇವುಗಳಲ್ಲಿ ಪ್ರೋಟೀನನ್ನು ಕಡಿದುಹಾಕುವ ಕಿಣ್ವಗಳಿವೆ, ಮತ್ತು ಜೆಲಟಿನ್ ಪ್ರೋಟೀನೇ ಆದ್ದರಿಂದ ಅದು ಕಟ್ಟುವುದೇ ಇಲ್ಲ. ಹಣ್ಣನ್ನು ಸಕ್ಕರೆಯೊಂದಿಗೆ ಐದಾರು ನಿಮಿಷ ಚೆನ್ನಾಗಿ ಕುದಿಸಿ ತಣಿಸಿ ಹಾಕಿದರೆ ಕಿಣ್ವಗಳು ನಾಶವಾಗಿ ತೊಂದರೆಯಿರುವುದಿಲ್ಲ. ಮಾವಿನ ತಿರುಳನ್ನೂ ನಾನು ಹಾಗೆಯೇ ಕುದಿಸಿ ಹಾಕುತ್ತೇನೆ, ಅಷ್ಟೇ ಹಾಲನ್ನು ಕಡಿಮೆ ಮಾಡುತ್ತೇನೆ.

ಜೆಲಟಿನ್ ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ಬರುವಂಥದ್ದು. ಮನೆಗೆ ಬರುವವರಲ್ಲಿ ಸಸ್ಯಾಹಾರಿಗಳಿದ್ದರೆ ಅದನ್ನು ಮೊದಲೇ ಹೇಳಬೇಕು, ಮೊಟ್ಟೆ ತಿನ್ನುವವರಲ್ಲಿಯೂ ಕೆಲವರಿಗೆ ಇದು ಸಲ್ಲುವುದಿಲ್ಲ. ಅಂಥವರಿಗಾಗಿ ಮೊಟ್ಟೆಯ ಬದಲು ಕಸ್ಟರ್ಡ್ ಪೌಡರ್ ಮತ್ತು ಜೆಲಟಿನ್ ಬದಲು ಚೈನಾ ಗ್ರಾಸ್ ಬಳಸಬಹುದು. ಕಸ್ಟರ್ಡ್ ಪೌಡರ್ ಹುಟ್ಟಿದ್ದೇ ಅಂಥ ಒಂದು ಅಗತ್ಯದಿಂದ. 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್, ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ ಅದನ್ನು ತಯಾರಿಸಿದ. ಆದರೆ ಚೈನಾ ಗ್ರಾಸನ್ನು ಎರಡು ಮೂರು ನಿಮಿಷ ಕುದಿಸಿಯೇ ಕರಗಿಸಬೇಕು, ಮತ್ತು ಅದು 40 ಡಿಗ್ರಿಯ ಆಸುಪಾಸಿನಲ್ಲಿಯೇ ಗಟ್ಟಿಯಾಗತೊಡಗುತ್ತದೆ. ಕ್ರೀಮಿಗೆ ಆ ಬಿಸಿ ಹೆಚ್ಚು, ಚೈನಾ ಗ್ರಾಸಿಗೆ ಅದಕ್ಕಿಂತ ತಂಪು ಆಗದು. ಹೀಗಾಗಿ ಕಸ್ಟರ್ಡ್ 45 ಡಿಗ್ರಿಯಲ್ಲಿರುವಾಗಲೇ ಸ್ವಲ್ಪ ಕ್ರೀಮ್ ಬೆರೆಸಿ, ಉಳಿದದ್ದನ್ನು ಬಹಳ ಚುರುಕಾಗಿ ಮಡಿಸಿ, ಕೂಡಲೇ ಅಚ್ಚಿಗೆ ಸುರಿಯಬೇಕು. ರುಚಿ ಚೆನ್ನಾಗಿಯೇ ಇರುತ್ತದೆ, ಆದರೆ ಚಮಚಕ್ಕೆ ಮುರಿದು ಬರುತ್ತದೆ, ಬಾಯಲ್ಲಿ ಕರಗುವುದಿಲ್ಲ. ಜೆಲಟಿನ್ ಕರಗುವುದು ನಮ್ಮ ಮೈಶಾಖಕ್ಕೆ, ಚೈನಾ ಗ್ರಾಸ್ ಕರಗಲು 85 ಡಿಗ್ರಿ ಬೇಕು.

ಅಚ್ಚು ತೆಳು ಅಲ್ಯೂಮಿನಿಯಮ್ಮಿನದಾದರೆ ಒಳ್ಳೆಯದು, ಗಾಜು ಮತ್ತು ಪಿಂಗಾಣಿ ಬಿಸಿಯನ್ನು ನಿಧಾನವಾಗಿ ಒಳಬಿಡುವುದರಿಂದ ತೆಗೆಯುವಾಗ ಕಷ್ಟವಾಗುತ್ತದೆ. ಒಳಗೆ ವಾಸನೆಯಿಲ್ಲದ ಎಣ್ಣೆಯನ್ನು ತೆಳ್ಳಗೆ ಸವರಿ, ಬೆಣ್ಣೆ ಬೇಡ, ಅದು ತಣ್ಣಗಾದಾಗ ಮೇಲ್ಮೈಯಲ್ಲಿ ಬಿಳಿ ಕಲೆಗಳಾಗಿ ಉಳಿಯುತ್ತದೆ. ಮಿಶ್ರಣ ಸುರಿದ ಮೇಲೆ ಅಚ್ಚನ್ನು ಮೇಜಿನ ಮೇಲೆ ಎರಡು ಬಾರಿ ಮೆಲ್ಲಗೆ ತಟ್ಟಿ ಗಾಳಿಗುಳ್ಳೆ ಬಿಡಿಸಿ, ಮುಚ್ಚಿ, ಕನಿಷ್ಠ ಆರು ಗಂಟೆ ಫ್ರಿಜ್ಜಿನಲ್ಲಿಡಿ. ಹಿಂದಿನ ರಾತ್ರಿಯೇ ಮಾಡಿಟ್ಟರೆ ಇನ್ನೂ ನೆಮ್ಮದಿ. ಬೇಗ ಆಗಲೆಂದು ಫ್ರೀಜರಿನಲ್ಲಿಟ್ಟರೆ ಅಂಚಿನಲ್ಲಿ ಮಂಜು ಕಟ್ಟಿ ತಟ್ಟೆಗೆ ಬಂದಾಗ ನೀರು ಬಿಡುತ್ತದೆ.

ತೆಗೆಯುವ ಹೊತ್ತಿಗೆ ಬಡಿಸುವ ತಟ್ಟೆಯನ್ನು ಫ್ರಿಜ್ಜಿನಲ್ಲಿ ತಣ್ಣಗಾಗಿಸಿ, ಮೇಲ್ಮೈಯನ್ನು ತುಸು ನೀರಿನಿಂದ ಒದ್ದೆ ಮಾಡಿಕೊಳ್ಳಿ. ಅಚ್ಚಿನ ಅಂಚಿನಲ್ಲಿ ಬೆರಳಿನಿಂದ ಕ್ರೀಮನ್ನು ಒಳಕ್ಕೆ ಮೆಲ್ಲಗೆ ಎಳೆದು ಗಾಳಿ ಹೋಗಲು ದಾರಿ ಮಾಡಿ, ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಐದಾರು ಸೆಕೆಂಡು ಮಾತ್ರ ಅದ್ದಿ, ಒರೆಸಿ, ತಟ್ಟೆಯನ್ನು ಮೇಲೆ ಬೋರಲು ಹಾಕಿ ಎರಡನ್ನೂ ಒಟ್ಟಿಗೆ ಹಿಡಿದು ಮಗುಚಿ. ಬೀಳದಿದ್ದರೆ ಕುಲುಕಬೇಡಿ, ಇನ್ನೆರಡು ಸೆಕೆಂಡು ಅದ್ದಿ. ಓರೆಯಾಗಿ ಬಿದ್ದರೂ ಒದ್ದೆ ತಟ್ಟೆಯ ಮೇಲೆ ಅದನ್ನು ಮೆಲ್ಲಗೆ ಜಾರಿಸಿ ನಡುವಿಗೆ ತರಬಹುದು. ಹೊರಮೈ ಸ್ವಲ್ಪ ಕರಗಿದಂತೆ ಕಂಡರೆ ಹದಿನೈದು ನಿಮಿಷ ಮತ್ತೆ ಫ್ರಿಜ್ಜಿನಲ್ಲಿಟ್ಟು, ಊಟದ ಎಲೆ ಎತ್ತಿದ ಮೇಲೆಯೇ ಹೊರತೆಗೆಯಿರಿ. ಬೇಸಿಗೆಯ ಮಧ್ಯಾಹ್ನ ಮೇಜಿನ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಅದು ನಿಲ್ಲುವುದಿಲ್ಲ.