ಬೆಕ್ಕನ್ನ ಫ್ಲೈಟಲ್ಲಿ ಕರ್ಕೊಂಡು ಹೋಗೋದು ಹೇಗೆ, ಬೆಂಗಳೂರಿಂದ ಡೆಲ್ಲಿಗೆ

ನಮ್ಮನೆ ಚಿನ್ನಿ ಬೀದೀಲಿ ಸಿಕ್ಕಿದ ಬೆಕ್ಕು, ನಾಲ್ಕೂಕಾಲು ಕೆಜಿ. ನಮ್ಮೆಜಮಾನ್ರಿಗೆ ಡೆಲ್ಲಿಗೆ ಟ್ರಾನ್ಸ್‌ಫರ್ ಆದಾಗ ಬಂದೋರೆಲ್ಲ ಹೇಳಿದ್ದು ಒಂದೇ ಮಾತು, ಬೆಕ್ಕಿಗೆ ಮನೆ ಮುಖ್ಯ ಮನುಷ್ಯರಲ್ಲ, ಇಲ್ಲೇ ಯಾರಿಗಾದ್ರೂ ಕೊಟ್ಬಿಡಿ ಅಂತ. ಕೊಡ್ಲಿಲ್ಲ. ಕರ್ಕೊಂಡು ಹೋದ್ವಿ. ಫ್ಲೈಟಲ್ಲಿ ಕೂತಿದ್ದು ಮೂರು ಗಂಟೆ ಕೂಡ ಇಲ್ಲ, ಅದಕ್ಕೆ ಮುಂಚೆ ಒಂದು ತಿಂಗಳು ಮನೇಲಿ ಮಾಡಿದ್ದೇ ನಿಜವಾದ ಕೆಲಸ.

ಮೊದ್ಲು ಟಿಕೆಟ್ ವಿಷ್ಯ. ಕಡಿಮೆ ರೇಟ್ ನೋಡಿ ಇಂಡಿಗೋ ಬುಕ್ ಮಾಡ್ಬಿಟ್ರೆ ಕಥೆ ಅಲ್ಲಿಗೇ ಮುಗೀತು, ಅವರು ಸರ್ವಿಸ್ ಡಾಗ್ (ಅಂಗವಿಕಲರಿಗೆ ಸಹಾಯಕ್ಕೆ ತರಬೇತಿ ಆಗಿರೋ ನಾಯಿ) ಬಿಟ್ರೆ ಸಾಕುಪ್ರಾಣಿ ಹತ್ತಿಸಲ್ಲ. ಕ್ಯಾಬಿನ್‌ನಲ್ಲೇ ಜೊತೆಗೆ ಕರ್ಕೊಂಡು ಹೋಗ್ಬೇಕು ಅಂದ್ರೆ ಏರ್ ಇಂಡಿಯಾ, ಆಕಾಸ ಇವೆರಡನ್ನ ನೋಡಿ. ತೂಕದ ಮಿತಿ ಬೆಕ್ಕು ಪ್ಲಸ್ ಬ್ಯಾಗು ಎರಡೂ ಸೇರಿ, ಇದನ್ನ ತುಂಬಾ ಜನ ಮರೀತಾರೆ. ಮಿತಿ, ಚಾರ್ಜು ಎರಡೂ ಆಗಾಗ ಬದಲಾಗ್ತಿರತ್ತೆ (ಆಕಾಸ ಶುರುವಿನಲ್ಲಿ 7 ಕೆಜಿ ಅಂತಿತ್ತು, ಆಮೇಲೆ ಜಾಸ್ತಿ ಮಾಡಿದ್ರು), ಹಾಗಾಗಿ ಯಾರೋ ಹೋದ ವರ್ಷ ಬರ್ದಿದ್ದನ್ನ ನಂಬ್ಬೇಡಿ, ನನ್ನನ್ನೂ ಸೇರಿಸಿ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿ. ಒಂದು ಫ್ಲೈಟಿಗೆ ಇಷ್ಟೇ ಪ್ರಾಣಿ ಅಂತ ಇರತ್ತೆ, ಅದಕ್ಕೆ ಆ ಫ್ಲೈಟಲ್ಲಿ ಜಾಗ ಇದ್ಯಾ ಕೇಳ್ಕೊಂಡೇ ದುಡ್ಡು ಕಟ್ಟಿ. ಡೈರೆಕ್ಟ್ ಫ್ಲೈಟೇ ತಗೊಳ್ಳಿ. ಬೇಸಿಗೇಲಿ ಬೆಳಗಿನ ಜಾವದ್ದು ಒಳ್ಳೇದು, ಆದ್ರೆ ಡಿಸೆಂಬರ್ ಜನವರೀಲಿ ಡೆಲ್ಲಿ ಮಂಜಿಗೆ ಬೆಳಗಿನ ಫ್ಲೈಟೆಲ್ಲ ಲೇಟಾಗ್ತವೆ, ಆವಾಗ ಮಧ್ಯಾಹ್ನದ್ದೇ ಸರಿ.

ಈಗ ಬ್ಯಾಗು. ಗಾಳಿಯಾಡೋ ಮೆತ್ತನೆ ಬ್ಯಾಗ್ ಇರ್ಬೇಕು, ಮುಂದಿನ ಸೀಟಿನ ಕೆಳಗೆ ಹಿಡೀಬೇಕು, ಯಾಕಂದ್ರೆ ಅದರ ಜಾಗ ಅಲ್ಲೇ, ತೊಡೆ ಮೇಲಲ್ಲ. ಹೋಗೋ ದಿನ ಹೊಸ ಬ್ಯಾಗ್ ತಂದು ಬೆಕ್ಕನ್ನ ತುರುಕಿದ್ರೆ ಮೈಯೆಲ್ಲ ಪರಚಿಸ್ಕೊಳ್ತೀರ ಅಷ್ಟೇ. ನಾನು ತಿಂಗಳು ಮುಂಚೆನೇ ತಂದು ನಡುಮನೇಲಿ ಬಾಯಿ ತೆಗೆದು ಇಟ್ಟೆ, ಒಳಗೆ ನಂದೊಂದು ಹಳೇ ನೈಟಿ ಹಾಸಿದೆ, ಮೊದಲ ಮೂರು ದಿನ ಅವ್ಳು ಆ ಕಡೆ ತಿರುಗಿ ಕೂಡ ನೋಡ್ಲಿಲ್ಲ, ಆಮೇಲೆ ಊಟದ ಬಟ್ಟಲನ್ನ ಬ್ಯಾಗ್ ಪಕ್ಕ, ಆಮೇಲೆ ಬಾಗಿಲಲ್ಲಿ, ಆಮೇಲೆ ಒಳಗೆ ಅಂತ ಸರಿಸ್ತಾ ಹೋದೆ, ಹತ್ತನೇ ದಿನಕ್ಕೆ ಮಧ್ಯಾಹ್ನದ ನಿದ್ದೆ ಅದರೊಳಗೇ ಶುರುವಾಯ್ತು. ಆಮೇಲೆ ಜಿಪ್ ಹಾಕಿ ಐದು ನಿಮಿಷ, ಹತ್ತು ನಿಮಿಷ, ಆಮೇಲೆ ಆಟೋದಲ್ಲಿ ಒಂದು ರೌಂಡು. ಆಟೋ ಸದ್ದಿಗೆ ಒಗ್ಗಿದ ಬೆಕ್ಕಿಗೆ ವಿಮಾನ ಏನೂ ಅಲ್ಲ. ಜಿಪ್ಪಿಗೊಂದು ಪಿನ್ನು ಸಿಗಿಸಿ, ಒಳಗಿಂದ ಉಗುರಲ್ಲಿ ತೆಗೆಯೋದು ಬೆಕ್ಕಿಗೆ ಚೆನ್ನಾಗಿ ಬರತ್ತೆ.

ಪೇಪರ್ ಎರಡು ಬೇಕು. ರೇಬೀಸ್ ಇಂಜೆಕ್ಷನ್ ನಮೂದಾಗಿರೋ ವ್ಯಾಕ್ಸಿನ್ ಪುಸ್ತಕ, ಇಂಜೆಕ್ಷನ್ ಹಾಕ್ಸಿ ತಿಂಗಳಾದ್ರೂ ಆಗಿರ್ಲಿ, ವರ್ಷ ದಾಟಿರಬಾರ್ದು. ಇನ್ನೊಂದು ವೆಟ್ ಕೊಡೋ ಫಿಟ್‌ನೆಸ್ ಸರ್ಟಿಫಿಕೇಟು, ಎಷ್ಟು ದಿನದೊಳಗಿಂದಾಗಿರ್ಬೇಕು ಅಂತ ಏರ್‌ಲೈನ್ ಹತ್ರ ಕೇಳ್ಕೊಂಡು ಮಾಡಿಸಿ. ನಮ್ಮ ಡಾಕ್ಟ್ರು ಸೀಲು ಸೈನು ಎಲ್ಲ ಹಾಕಿ ರಿಜಿಸ್ಟ್ರೇಷನ್ ನಂಬರ್ ಬರೆಯೋದು ಮರ್ತಿದ್ರು, ನಾನೂ ನೋಡ್ಲಿಲ್ಲ, ಕೌಂಟರಲ್ಲಿ ಹಿಡ್ಕೊಂಡ್ರು, ಅವರಿಗೆ ಫೋನ್ ಹಚ್ಚಿ ವಾಟ್ಸಾಪಲ್ಲಿ ಹೊಸದು ತರ್ಸೋಷ್ಟರಲ್ಲಿ ನಲವತ್ತು ನಿಮಿಷ. ಕ್ಲಿನಿಕ್ ಬಾಗಿಲಲ್ಲೇ ನಿಂತು ಓದಿ. ವೆಬ್ ಚೆಕ್-ಇನ್ ನಂಬ್ಕೊಂಡು ಲೇಟಾಗಿ ಹೋಗ್ಬೇಡಿ, ತೂಕ ನೋಡ್ಬೇಕು, ದುಡ್ಡು ಕಟ್ಟಬೇಕು, ಕೌಂಟರ್ ತಪ್ಪಲ್ಲ.

ಹೊರಡೋಕೆ ನಾಲ್ಕೈದು ಗಂಟೆ ಮುಂಚೆ ಊಟ ನಿಲ್ಸಿ, ನೀರು ಕೊಡಿ. ಬ್ಯಾಗಲ್ಲಿ ಪೀ ಪ್ಯಾಡ್ (ಉಚ್ಚೆ ಹೀರ್ಕೊಳ್ಳೋ ಹಾಸು) ಹಾಸಿ, ಕೈಯಲ್ಲಿ ಇನ್ನೆರಡು ಇಟ್ಕೊಳ್ಳಿ. ನಿದ್ದೆ ಮಾತ್ರೆ ನೀವಾಗೇ ಕೊಡೋಕೆ ಹೋಗ್ಬೇಡಿ, ಬಿಪಿ ಇಳಿದು ಉಸಿರಾಟಕ್ಕೆ ತೊಂದ್ರೆ ಆಗ್ಬಹುದು, ತೀರಾ ಗಾಬರಿ ಬೆಕ್ಕಾದ್ರೆ ಡಾಕ್ಟ್ರು ಬರ್ಕೊಟ್ಟಿದ್ದನ್ನ ಮೊದ್ಲು ಮನೇಲಿ ಒಂದಿನ ಕೊಟ್ಟು ನೋಡಿ.

ನನಗೆ ಕೈಕಾಲು ನಡುಗಿದ್ದು ಸೆಕ್ಯುರಿಟೀಲಿ. ಅಲ್ಲಿ ಬೆಕ್ಕನ್ನ ಬ್ಯಾಗಿಂದ ಆಚೆ ತೆಗೀಬೇಕು, ಖಾಲಿ ಬ್ಯಾಗು ಎಕ್ಸ್‌ರೇ ಮಷೀನಿಗೆ, ಬೆಕ್ಕು ನಿಮ್ಮ ಕೈಯಲ್ಲಿ. ಸುತ್ತ ಟ್ರೇ ಸದ್ದು, ಜನ, ಮಕ್ಕಳು ಮಿಯಾಂವ್ ಅಂತ ಕೂಗೋದು. ಇಲ್ಲಿ ಬೆಕ್ಕು ಕೈಜಾರಿದ್ರೆ ಟರ್ಮಿನಲ್ ತುಂಬ ಹುಡುಕ್ಬೇಕು. ಅದಕ್ಕೇ ಮನೆಯಿಂದಾನೇ ಹಾರ್ನೆಸ್ (ಎದೆ ಸುತ್ತ ಕಟ್ಟೋ ಪಟ್ಟಿ) ಹಾಕ್ಸಿರಿ, ಬರೀ ಕಾಲರ್ ಸಾಕಾಗಲ್ಲ, ಬೆಕ್ಕು ಕತ್ತು ಹಿಂದಕ್ಕೆಳ್ಕೊಂಡು ಜಾರ್ಕೊಳತ್ತೆ. ಅದರ ಲೀಷ್, ಅಂದ್ರೆ ಹಗ್ಗ, ಮಣಿಕಟ್ಟಿಗೆ ಎರಡು ಸುತ್ತು ಸುತ್ಕೊಳ್ಳಿ. ಹೆಂಗಸರ ತಪಾಸಣೆಗೆ ಪರದೆ ಇರೋ ಬೂತ್ ಇರತ್ತಲ್ಲ, ಸಾಕುಪ್ರಾಣಿ ಇದ್ರೆ ಮನೆ ಹೆಂಗಸರೇ ಎತ್ಕೊಂಡು ಹೋಗೋದು ವಾಸಿ, ಸಿಐಎಸ್‌ಎಫ್ ಮೇಡಂಗೆ ಮೊದ್ಲೇ ಹೇಳಿದ್ರೆ ಆಯ್ತು. ನಮಗೆ ಸಿಕ್ಕವರು ಚಿನ್ನಿ ತಲೆ ಸವರಿ ಕಳಿಸಿದ್ರು.

ಒಳಗೆ ಹೋದ್ಮೇಲೆ ಕೆಲಸ ಕಮ್ಮಿ. ಬ್ಯಾಗ್ ಮೇಲೊಂದು ತೆಳು ದುಪಟ್ಟಾ ಹೊದಿಸಿ, ಕತ್ತಲಾದ್ರೆ ಸುಮ್ನಾಗ್ತವೆ. ಇಳಿಯೋವಾಗ ಕಿವಿ ನೋಯತ್ತೆ, ಅವಕ್ಕೂ ಅಷ್ಟೇ, ಆವಾಗ ನೆಕ್ಕೋ ಟ್ರೀಟ್ ಜಾಲರಿ ಹತ್ರ ಹಿಡೀರಿ, ನುಂಗಿದ್ರೆ ಕಿವಿ ಬಿಟ್ಕೊಳತ್ತೆ.

ನಾಯಿ ದೊಡ್ಡದಿದ್ರೆ ಕೆಳಗೆ ಲಗೇಜ್ ಇಡೋ ಕಾರ್ಗೋ ಹೋಲ್ಡಲ್ಲಿ, ಗಟ್ಟಿ ಕ್ರೇಟಲ್ಲಿ. ಕ್ರೇಟಲ್ಲಿ ಅದು ನಿಂತ್ರೆ ತಲೆ ತಾಗಬಾರ್ದು, ಸುತ್ತ ತಿರುಗಿ ಮಲಗೋಷ್ಟು ಜಾಗ ಬೇಕು. ಪಗ್, ಬುಲ್‌ಡಾಗ್ ಥರ ಚಪ್ಪಟೆ ಮೂಗಿನವಕ್ಕೆ ಸೆಕೆ, ಗಾಬರಿ ಆದ್ರೆ ಉಸಿರು ಕಟ್ಟತ್ತೆ, ಹೋಲ್ಡಿಗೆ ಹಾಕ್ಲೇಬೇಡಿ. ಅಂಥವಕ್ಕೆ ರೈಲಲ್ಲಿ ಫಸ್ಟ್ ಎಸಿ ಕೂಪೆ (ಬಾಗಿಲಿರೋ ಇಬ್ಬರ ಕ್ಯಾಬಿನ್ನು) ಸಿಕ್ರೆ ಎರಡು ರಾತ್ರಿ ಆದ್ರೂ ಪರವಾಗಿಲ್ಲ. ಫಾರಿನ್‌ಗೆ ಕರ್ಕೊಂಡು ಹೋಗೋದು ಬೇರೇನೇ ಪುರಾಣ, ಯುರೋಪಿಗೆ ಮೈಕ್ರೋಚಿಪ್, ಆಮೇಲೆ ರೇಬೀಸ್ ಇಂಜೆಕ್ಷನ್, 30 ದಿನ ಬಿಟ್ಟು ರಕ್ತದ ಟೈಟರ್ ಟೆಸ್ಟು (ಇಂಜೆಕ್ಷನ್ ಕೆಲಸ ಮಾಡಿದ್ಯಾ ಅಂತ ನೋಡೋದು), ರಕ್ತ ತೆಗೆದ್ಮೇಲೆ ಮೂರು ತಿಂಗಳು ಕಾಯೋದು, ಹಾಗಾಗಿ ವೀಸಾಕ್ಕೆ ಮುಂಚೆನೇ ವೆಟ್ ಹತ್ರ ಹೋಗಿ.

ಹೊಸ ಮನೇಲಿ ಮೊದ್ಲು ಒಂದೇ ರೂಮಲ್ಲಿ ಬಿಡಿ, ಕಿಟಕಿ ಹಾಕಿ. ಮತ್ತೆ, ನಗ್ಬೇಡಿ, ಹಳೇ ಲಿಟರ್, ಅಂದ್ರೆ ಬೆಕ್ಕಿನ ಕಕ್ಕಸು ಟ್ರೇಗೆ ಹಾಕೋ ಮರಳು, ಒಂದೆರಡು ಹಿಡಿ ಕವರಲ್ಲಿ ಕಟ್ಟಿ ಸೂಟ್‌ಕೇಸಲ್ಲಿ ತಗೊಂಡು ಹೋಗಿ, ಹೊಸ ಟ್ರೇಗೆ ಬೆರೆಸೋಕೆ. ಬೆಂಗಳೂರಿಂದ ಬೆಕ್ಕಿನ ಗಲೀಜು ಹೊತ್ಕೊಂಡು ಬಂದಿದ್ದಾಳೆ ಅಂತ ನಮ್ಮೆಜಮಾನ್ರು ಇವತ್ತಿಗೂ ಆಡ್ಕೋತಾರೆ, ಚಿನ್ನಿ ಮಾತ್ರ ಬ್ಯಾಗಿಂದ ಇಳಿದು ಮೂಸ್ಕೊಂಡು ನೇರ ಅಲ್ಲಿಗೇ ಹೋದ್ಲು.