ಇಫ್‌ಎಲ್ಸ್ ಹಾಕಿದ್ರೂ ವಾರ್ನಿಂಗ್ ಯಾಕ್ ಬಂತು

ಆರ್ (R) ಅನ್ನೋ ಪ್ರೋಗ್ರಾಮಿಂಗ್ ಭಾಷೆಲಿ ಒಂದು ಕಾಲಮ್‌ಗೆ ಲಾಗ್ ತಗೋಬೇಕಿತ್ತು, ಅಲ್ಲಲ್ಲಿ ಮೈನಸ್ ಸಂಖ್ಯೆ ಬೇರೆ ಇದ್ವು, ಸರಿ ಅಂತ ಇಫ್‌ಎಲ್ಸ್ ಬರ್ದೆ: ಎಕ್ಸ್ ಸೊನ್ನೆಗಿಂತ ಜಾಸ್ತಿ ಇದ್ರೆ ಲಾಗ್, ಇಲ್ಲಾಂದ್ರೆ ಎನ್‌ಎ (NA, ಅಂದ್ರೆ ಬೆಲೆ ಇಲ್ಲ). ರನ್ ಮಾಡಿದ್ರೆ 'ಎನ್ಎಎನ್ಸ್ ಪ್ರೊಡ್ಯೂಸ್ಡ್' ಅಂತ ವಾರ್ನಿಂಗ್, ಅಂದ್ರೆ ಸಂಖ್ಯೆನೇ ಅಲ್ಲದ ಉತ್ತರ (NaN) ಬಂತು ಅಂತ. ಮೈನಸ್ ಮುಟ್ಬೇಡ ಅಂತ ನಾನೇ ಹೇಳಿದೀನಲ್ಲಪ್ಪ! ಔಟ್‌ಪುಟ್ ನೋಡಿದ್ರೆ ಸರಿಯಾಗೇ ಇದೆ.

ಆಮೇಲೆ 2, -3, 5 ಅಂತ ಮೂರೇ ಸಂಖ್ಯೆ ಕೊಟ್ಟು ನೋಡ್ದೆ. ಬಂದಿದ್ದು 0.69, ಎನ್‌ಎ, 1.61, ಜೊತೆಗೆ ಅದೇ ವಾರ್ನಿಂಗ್. ಇಫ್‌ಎಲ್ಸ್ ಒಂದೊಂದೇ ಸಂಖ್ಯೆ ನೋಡ್ಕೊಂಡು ಹೋಗಲ್ಲ, ಕಂಡೀಶನ್ ಒಂದು ಕಡೆ ನಿಜ ಆದ್ರೂ ಸಾಕು ಪೂರ್ತಿ ವೆಕ್ಟರ್‌ಗೆ (ಸಂಖ್ಯೆಗಳ ಇಡೀ ಸಾಲಿಗೆ) ಲಾಗ್ ಹಾಕ್ಬಿಡತ್ತೆ, -3ಕ್ಕೂ ಸೇರಿಸಿ, ಆಮೇಲೆ ಬೇಕಾದ್ದನ್ನ ಮಾತ್ರ ಆರಿಸ್ಕೊಳ್ಳತ್ತೆ. ಹಲವು ಕಂಡೀಶನ್ ಒಟ್ಟಿಗೆ ಬರೆಯೋಕೆ ಇರೋ ಕೇಸ್‌ವೆನ್ (case_when) ಫಂಕ್ಷನ್ ಕಥೆನೂ ಇದೇ.

ಇದು ಗೊತ್ತಾಗೋ ಮುಂಚೆ ನಾನ್ ಮಾಡಿದ್ ದಡ್ಡತನ ಅಂದ್ರೆ ಇಡೀ ಬ್ಲಾಕ್‌ನ, ವಾರ್ನಿಂಗ್ ಎಲ್ಲಾ ಮುಚ್ಚಿಹಾಕೋ ಸಪ್ರೆಸ್‌ವಾರ್ನಿಂಗ್ಸ್ ಒಳಗೆ ತುರುಕಿದ್ದು. ಅದೇ ಬ್ಲಾಕಲ್ಲಿ ಟೆಕ್ಸ್ಟ್‌ನ ನಂಬರ್ ಮಾಡೋ ಆಸ್‌ನ್ಯೂಮರಿಕ್ ಲೈನೂ ಇತ್ತು. ಮುಂದೊಂದು ಫೈಲಲ್ಲಿ 1,200 ಅಂತ ಕಾಮಾ ಹಾಕಿರೋ ಸಂಖ್ಯೆಗಳು ಬಂದ್ವು, ಎಲ್ಲಾ ಎನ್‌ಎ ಆಗೋದ್ವು, ಅದಕ್ಕೆ ಬರ್ಬೇಕಿದ್ದ ವಾರ್ನಿಂಗ್ ಬಾಯಿಗೆ ನಾನೇ ಬಟ್ಟೆ ತುರುಕಿದ್ನಲ್ಲ, ದೊಡ್ಡ ಸಂಖ್ಯೆಗಳೆಲ್ಲ ಮಾಯ ಆಗಿ ಸರಾಸರಿ ಇಳಿದಾಗಲೇ ಗೊತ್ತಾಗಿದ್ದು.

ಈಗ ಮೊದ್ಲು ಪೂರ್ತಿ ಎನ್‌ಎ ಇರೋ ವೆಕ್ಟರ್ ಮಾಡ್ಕೊತೀನಿ, ಎಕ್ಸ್ ಎನ್‌ಎ ಅಲ್ಲ ಮತ್ತೆ ಸೊನ್ನೆಗಿಂತ ಜಾಸ್ತಿ ಅನ್ನೋ ಟ್ರೂ-ಫಾಲ್ಸ್ ವೆಕ್ಟರ್ ಇಟ್ಕೊಂಡು ಆ ಜಾಗಗಳಿಗೆ ಮಾತ್ರ ಲಾಗ್ ತುಂಬ್ತೀನಿ. ಎನ್‌ಎ ಚೆಕ್ ಮರೀಬೇಡಿ. ಸೊನ್ನೆನೂ ಮರೀಬೇಡಿ, ಅದರ ಲಾಗ್ ಮೈನಸ್ ಇನ್ಫಿನಿಟಿ, ವಾರ್ನಿಂಗೂ ಇಲ್ದೆ ಸೀದಾ ಒಳಗ್ ಬಂದ್ ಕೂತಿರತ್ತೆ.

ವಾರ್ನಿಂಗ್ ಎಲ್ಲಿಂದ ಬಂತು ಅಂತ ಹುಡುಕೋಕೆ ಆಪ್ಶನ್ಸ್‌ನಲ್ಲಿ ವಾರ್ನ್ 2 ಮಾಡ್ತೀನಿ, ವಾರ್ನಿಂಗೇ ಎರರ್ ಆಗಿ ಅಲ್ಲೇ ನಿಂತ್ಕೊಳ್ಳತ್ತೆ, ಟ್ರೇಸ್‌ಬ್ಯಾಕ್ (ಯಾವ ಫಂಕ್ಷನ್ ಯಾವುದನ್ನ ಕರೀತು ಅನ್ನೋ ಪಟ್ಟಿ) ನೋಡ್ಬಹುದು. ಬೇರೆಯವ್ರ ಫಂಕ್ಷನ್ನಿಂದ ಬರೋ ಒಂದೇ ಒಂದು ವಾರ್ನಿಂಗ್ ಸುಮ್ನಾಗಿಸ್ಬೇಕು ಅಂದ್ರೆ ವಿತ್‌ಕಾಲಿಂಗ್‌ಹ್ಯಾಂಡ್ಲರ್ಸ್, ಮೆಸೇಜ್ ಓದಿ ಅದೊಂದನ್ನೇ ಮಫಲ್ ಮಾಡೋದು, ಮಿಕ್ಕಿದ್ದು ಬರ್ಲಿ. ಟ್ರೈಕ್ಯಾಚ್‌ನಲ್ಲಿ ವಾರ್ನಿಂಗ್ ಹಿಡಿದ್ರೆ ಲೆಕ್ಕ ಅರ್ಧಕ್ಕೇ ಬಿಟ್ಟು ಹೊರಗ್ ಬಂದ್ಬಿಡತ್ತೆ, ಅದೂ ಒಂದ್ಸಲ ಮಾಡಿ ನೋಡಿದೀನಿ.

ಇಫ್‌ಎಲ್ಸ್ ಬದಲು ಬರೀ ಇಫ್ ಹಾಕ್ತೀನಿ ಅಂತ ಹೋಗ್ಬೇಡಿ, ಅದಕ್ಕೆ ಒಂದೇ ಟ್ರೂ ಅಥವಾ ಫಾಲ್ಸ್ ಬೇಕು. ಉದ್ದ ವೆಕ್ಟರ್ ಕೊಟ್ರೆ ಮುಂಚೆ ವಾರ್ನಿಂಗ್ ಕೊಟ್ಟು ಮೊದಲನೇದನ್ನ ಮಾತ್ರ ನೋಡ್ತಿತ್ತು, ಆರ್ 4.2.0ದಿಂದ ಸೀದಾ ಎರರ್.